ಬೀಗ ಸೋತಿತು, ಮನೆ ಗೆದ್ದಿತು!



ಶನಿವಾರ ಸಂಜೆಯಾದರೆ ಸಾಕು, ಟಿವಿ ಮುಂದೆ ಕೂತು ಮ್ಯಾಂಚೆಸ್ಟರ್, ಲಿವರ್‌ಪೂಲ್, ಆರ್ಸೆನಲ್ ಎಂದು ಗಂಟಲು ಹರಿದುಕೊಳ್ಳುವವರು ನಿಮ್ಮಲ್ಲಿ ಎಷ್ಟು ಮಂದಿ? ಕೈ ಎತ್ತಿ. ಸಂಕೋಚ ಬೇಡ. ಒಳ್ಳೆಯ ಆಟ ಎಲ್ಲಿದ್ದರೂ ನೋಡತಕ್ಕದ್ದೇ. ಆ ಇಂಗ್ಲಿಷ್ ಪ್ರೀಮಿಯರ್ ಲೀಗ್ ಶುರುವಾದದ್ದು 1992ರ ಆಗಸ್ಟಿನಲ್ಲಿ. ಟಿವಿ ಕಂಪನಿಯ ಕೋಟಿ ಕೋಟಿ ಹಣ, ಝಗಝಗಿಸುವ ದೀಪ, ಜಗತ್ತಿನ ಮೂಲೆಮೂಲೆಗೂ ಪ್ರಚಾರ. ಅದರ ಪುರಾಣವೆಲ್ಲ ನಿಮಗೆ ಬಾಯಿಪಾಠ.

ಈಗ ಒಂದು ಪ್ರಶ್ನೆ. ಅದೇ ವರ್ಷ, ಅದೇ ಆಗಸ್ಟ್ ತಿಂಗಳಲ್ಲಿ, ಅದೇ ದ್ವೀಪದಲ್ಲಿ, ಒಂದೇ ಗೋಡೆಯ ಆಚೆ ಬದಿಗೆ ಇನ್ನೊಂದು ಲೀಗ್ ಹುಟ್ಟಿತು. ಅದರ ಮೊದಲ ವರ್ಷದ ಚಾಂಪಿಯನ್ ಯಾರು, ಹೇಳಿ ನೋಡೋಣ?

ಗೊತ್ತಿಲ್ಲ ಅಲ್ಲವೇ? ಗೊತ್ತಾಗುವುದಾದರೂ ಹೇಗೆ! ಅದು ವೇಲ್ಸ್ ನಾಡಿನ ಲೀಗ್. ಗೆದ್ದ ತಂಡ ಕುಂಬ್ರಾನ್ ಟೌನ್. ಆ ಊರಿನ ಹೆಸರು ಬರೆದ ಅಂಗಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದರೆ ಆ 1992-93ರ ಸಾಲಿನಲ್ಲಿ ನಡೆದದ್ದು ಬರೀ ಚೆಂಡಾಟವಲ್ಲ. ತನ್ನದೇ ಒಂದು ಅಂಗಳ ಬೇಕೆಂದು ಹೊರಟ ಪುಟ್ಟ ನಾಡು, ಆ ಅಂಗಳಕ್ಕೆ ಕಾಲಿಡಲೊಲ್ಲೆ ಎಂದು ಮುನಿಸಿಕೊಂಡ ಅದರದೇ ಮಕ್ಕಳು, ಅವರ ಮೇಲೆ ದೊಣ್ಣೆ ಎತ್ತಿದ ಯಜಮಾನರು: ಮೂವರೂ ಈ ಕಥೆಯಲ್ಲಿದ್ದಾರೆ. ನಾಡು, ನುಡಿ ಎಂದು ಬೀದಿಗಿಳಿಯುವ ನೀವು ಇದನ್ನು ಕೇಳಲೇಬೇಕು.

ಯಾರ ನೆಲದಲ್ಲಿ ಯಾರು ಪರಕೀಯರು?

ಹೆಸರಿನಿಂದಲೇ ಶುರು ಮಾಡೋಣ. ವೇಲ್ಸ್ ಎಂಬುದು ಆ ಜನ ತಮಗೆ ತಾವೇ ಇಟ್ಟುಕೊಂಡ ಹೆಸರಲ್ಲ. ನೆರೆಯವರು ಇಟ್ಟದ್ದು. ಹಳೆಯ ಇಂಗ್ಲಿಷಿನಲ್ಲಿ ಆ ಪದದ ಮೂಲಕ್ಕೆ 'ಪರಕೀಯರು' ಎಂದು ಅರ್ಥ. ಹೇಗಿದೆ ನೋಡಿ! ಆಮೇಲೆ ಬಂದವರು ಮೊದಲೇ ಇದ್ದವರನ್ನು ಪರಕೀಯರೆಂದು ಕರೆದರು, ಆ ಹೆಸರೇ ಭೂಪಟದ ಮೇಲೆ ಕೂತಿತು. ಆ ಜನ ತಮ್ಮ ನಾಡನ್ನು ಕರೆಯುವುದು 'ಕಮ್ರಿ' ಎಂದು. ಆ ಮಾತಿನ ಮೂಲದಲ್ಲಿರುವುದು 'ಒಂದೇ ನಾಡಿನವರು' ಎಂಬ ಭಾವ.

ಜನಸಂಖ್ಯೆ ಸುಮಾರು 31 ಲಕ್ಷ. ಬೆಂಗಳೂರಿನ ಒಂದು ಭಾಗದಷ್ಟೂ ಇಲ್ಲ. 1991ರ ಜನಗಣತಿಯಲ್ಲಿ ವೆಲ್ಷ್ ನುಡಿ ಬಲ್ಲವರು ನೂರಕ್ಕೆ 18.7 ಮಂದಿ, ಅಂದರೆ ಸುಮಾರು 5 ಲಕ್ಷ. ಪಕ್ಕದಲ್ಲಿ ಹಾಸಿಗೆ ಹಾಕಿಕೊಂಡು ಮಲಗಿರುವ ಭಾಷೆ ಯಾವುದು? ಇಡೀ ಭೂಮಂಡಲವನ್ನು ನುಂಗಲು ಹೊರಟ ಇಂಗ್ಲಿಷು. ಇಂಥ ನೆರೆಯಲ್ಲಿ ಒಂದು ಸಣ್ಣ ನುಡಿ ಉಸಿರಾಡಿಕೊಂಡಿರುವುದೇ ದೊಡ್ಡ ಮಾತು. ಸುಮ್ಮನೆ ಉಸಿರಾಡಿಕೊಂಡಿರಲಿಲ್ಲ, ಹೋರಾಡುತ್ತಲೂ ಇತ್ತು. ವೆಲ್ಷ್ ನುಡಿಗೊಂದು ಟಿವಿ ಚಾನೆಲ್ ಕೊಡುತ್ತೇವೆಂದು ಹೇಳಿ ಲಂಡನ್ ಸರ್ಕಾರ ಮಾತು ತಪ್ಪಿತು. 1980ರಲ್ಲಿ ಗ್ವಿನ್‌ಫೋರ್ ಎವಾನ್ಸ್ ಎಂಬ ನಾಯಕರು ಆಮರಣ ಉಪವಾಸ ಕೂರುತ್ತೇನೆ ಎಂದು ಗುಡುಗಿದರು. ಸರ್ಕಾರ ಬಾಲ ಮುದುರಿಕೊಂಡಿತು. 1982ರ ನವೆಂಬರ್ 1ರಂದು ಎಸ್‌4ಸಿ ಎಂಬ ವೆಲ್ಷ್ ಚಾನೆಲ್ ಶುರುವಾಯಿತು. ದಿನಾಂಕ ಗಮನಿಸಿದಿರಾ? ನವೆಂಬರ್ 1!

ಆ ಚಾನೆಲ್ಲಿನಲ್ಲಿ 1988ರಿಂದ 'ಸ್ಗೋರಿಯೊ' ಎಂಬ ಫುಟ್‌ಬಾಲ್ ಕಾರ್ಯಕ್ರಮ ಬರತೊಡಗಿತು. ಸ್ಪೇನ್, ಇಟಲಿಯ ಆಟವನ್ನು ವೆಲ್ಷ್ ನುಡಿಯ ವೀಕ್ಷಕ ವಿವರಣೆಯೊಂದಿಗೆ ತೋರಿಸಿದರು. ಹಳ್ಳಿಯ ಹುಡುಗ ತನ್ನ ತಾಯಿನುಡಿಯಲ್ಲೇ ಬಾರ್ಸಿಲೋನಾ ನೋಡಿದ. ನುಡಿ ಅಡುಗೆಮನೆಗೂ ಪ್ರಾರ್ಥನೆಗೂ ಸೀಮಿತವಾಗದೆ ಗೋಲ್‌ಪೋಸ್ಟಿನ ತನಕ ಓಡಬಲ್ಲದು ಎಂದು ತೋರಿಸಿಕೊಟ್ಟವರು ಅವರು.

ತಂಡ ಉಂಟು, ಲೀಗ್ ಇಲ್ಲ!

ಈಗ ಮೈದಾನಕ್ಕೆ ಇಳಿಯೋಣ. ವೇಲ್ಸಿನ ಫುಟ್‌ಬಾಲ್ ಸಂಸ್ಥೆ ಹುಟ್ಟಿದ್ದು 1876ರಲ್ಲಿ. ಇಂಗ್ಲೆಂಡ್, ಸ್ಕಾಟ್‌ಲೆಂಡ್ ಬಿಟ್ಟರೆ ಜಗತ್ತಿನಲ್ಲೇ ಅತ್ಯಂತ ಹಳೆಯದು. ವೇಲ್ಸಿಗೆ ತನ್ನದೇ ರಾಷ್ಟ್ರೀಯ ತಂಡವಿತ್ತು. 1958ರ ವಿಶ್ವಕಪ್ ಆಡಿದ ತಂಡ ಅದು. ವೆಲ್ಷ್ ಕಪ್ ಎಂಬ ಟ್ರೋಫಿಯೂ ಇತ್ತು. ಇಷ್ಟೆಲ್ಲ ಇದ್ದೂ ಒಂದು ಇರಲಿಲ್ಲ. ನಾಡಿಗೆಲ್ಲ ಸೇರಿದ ಒಂದು ಲೀಗ್! 116 ವರ್ಷಗಳ ಕಾಲ ಇರಲಿಲ್ಲ!

ದೊಡ್ಡ ಕ್ಲಬ್ಬುಗಳಾದ ಕಾರ್ಡಿಫ್, ಸ್ವಾನ್ಸಿ, ರೆಕ್ಸಮ್ ಇಂಗ್ಲೆಂಡಿನ ಲೀಗಿನಲ್ಲಿ ಆಡಿಕೊಂಡಿದ್ದವು. ಉತ್ತರದ ಸಣ್ಣ ಕ್ಲಬ್ಬುಗಳು ಗಡಿ ದಾಟಿ ಇಂಗ್ಲೆಂಡಿನ ಉತ್ತರದ ಲೀಗಿನಲ್ಲೋ ತಮ್ಮ ಪ್ರಾಂತ್ಯದ ಲೀಗಿನಲ್ಲೋ ಆಡುತ್ತಿದ್ದವು. ದಕ್ಷಿಣದವರದು ಬೇರೆಯೇ ಲೀಗ್. ಉತ್ತರ ವೇಲ್ಸಿನ ಬ್ಯಾಂಗರ್ ತಂಡ ದಕ್ಷಿಣದ ಕುಂಬ್ರಾನ್ ತಂಡದ ಮುಖ ನೋಡಬೇಕಾದರೆ ಕಪ್ ಪಂದ್ಯದ ಚೀಟಿಯಲ್ಲಿ ಹೆಸರು ಬರಬೇಕಿತ್ತು. ಆ ವೆಲ್ಷ್ ಕಪ್ಪಿನ ಗತಿಯೇನು ಗೊತ್ತೇ? ಗಡಿಯಾಚೆಯ ಇಂಗ್ಲಿಷ್ ಊರುಗಳ ತಂಡಗಳೂ ಅದರಲ್ಲಿ ಆಡುತ್ತಿದ್ದವು, ಗೆಲ್ಲುತ್ತಲೂ ಇದ್ದವು. 1990ರಲ್ಲಿ ವೆಲ್ಷ್ ಕಪ್ ಹೊತ್ತುಕೊಂಡು ಹೋದದ್ದು ಇಂಗ್ಲೆಂಡಿನ ಹೆರಿಫರ್ಡ್!

ನಾಡಿನ ದಾರಿಗಳೇ ಹಾಗಿದ್ದವು. ಇಂದಿಗೂ ವೇಲ್ಸಿನ ಉತ್ತರದಿಂದ ದಕ್ಷಿಣಕ್ಕೆ ರೈಲಿನಲ್ಲಿ ಹೋಗಬೇಕಾದರೆ ಇಂಗ್ಲೆಂಡಿನೊಳಗೆ ಹೊಕ್ಕು, ಶ್ರೂಸ್‌ಬರಿ ಎಂಬ ಊರು ಸುತ್ತಿ ಬರಬೇಕು. ತನ್ನ ಮನೆಯ ಕೋಣೆಯಿಂದ ಕೋಣೆಗೆ ಹೋಗಲು ಪಕ್ಕದ ಮನೆಯ ಪಡಸಾಲೆ ಹಾಯಬೇಕಾದ ಸ್ಥಿತಿ!

ಆಗ ಅಂತಾರಾಷ್ಟ್ರೀಯ ಫುಟ್‌ಬಾಲಿನಲ್ಲಿ ಒಂದು ಗುಸುಗುಸು ಎದ್ದಿತ್ತು. ಬ್ರಿಟನ್ ಒಂದೇ ದೇಶ, ಅದಕ್ಕೆ ನಾಲ್ಕು ತಂಡ ಯಾಕೆ? ಆಟದ ನಿಯಮ ರೂಪಿಸುವ ಮಂಡಳಿಯ 8 ಮತಗಳಲ್ಲಿ 4 ಮತ ಆ ದ್ವೀಪದವರಿಗೇ ಯಾಕೆ? ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಬೇಕಾದರೆ ವೇಲ್ಸ್ ನಾಡಿಗೆ ತನ್ನದೇ ಲೀಗ್ ಬೇಕು. ಲೀಗ್ ಇದ್ದರೆ ಅದರ ಚಾಂಪಿಯನ್ ಯುರೋಪಿನ ಚಾಂಪಿಯನ್ನರ ಜೊತೆ ಆಡಬಹುದು. ಇಲ್ಲದಿದ್ದರೆ ಒಂದು ದಿನ ವೇಲ್ಸ್ ಎಂಬ ತಂಡವೇ ಅಳಿಸಿಹೋದರೂ ಹೋಯಿತು. ಹೀಗೆಂದು ಲೆಕ್ಕ ಹಾಕಿದವರು ಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಆಲನ್ ಎವಾನ್ಸ್. 1991ರಲ್ಲಿ ತೀರ್ಮಾನವಾಯಿತು, 1992ರಲ್ಲಿ 'ಲೀಗ್ ಆಫ್ ವೇಲ್ಸ್' ಶುರುವಾಯಿತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ ನಮ್ಮ ಹಿರಿಯರು. ಲೀಗ್ ಕಟ್ಟಿ ನೋಡು ಎಂಬುದನ್ನೂ ಸೇರಿಸಬಹುದು.

ಸಿಟ್ಟಿಗೆದ್ದ ಎಂಟು ಮಂದಿ

ಕರೆಯೋಲೆ ಹೋಯಿತು. ಇಂಗ್ಲೆಂಡಿನ ಕೆಳಹಂತದ ಲೀಗುಗಳಲ್ಲಿ ಆಡುತ್ತಿರುವ ವೇಲ್ಸಿನ ಕ್ಲಬ್ಬುಗಳೇ, ಮನೆಗೆ ಬನ್ನಿ! ಆಗ 8 ಕ್ಲಬ್ಬುಗಳು ಎದ್ದು ನಿಂತು, ಬರುವುದಿಲ್ಲ ಎಂದವು. ಬ್ಯಾಂಗರ್ ಸಿಟಿ, ಬ್ಯಾರಿ ಟೌನ್, ಕರ್ನಾರ್ವನ್ ಟೌನ್, ಕಾಲ್ವಿನ್ ಬೇ, ಮರ್ಥರ್, ನ್ಯೂಪೋರ್ಟ್, ನ್ಯೂಟೌನ್, ರಿಲ್. ಪತ್ರಿಕೆಗಳು ಇವರಿಗೆ 'ಸಿಟ್ಟಿಗೆದ್ದ ಎಂಟು ಮಂದಿ' ಎಂದೇ ಹೆಸರಿಟ್ಟವು.

ಇವರನ್ನು ನಾಡದ್ರೋಹಿಗಳು ಎಂದು ಬಿಡುವುದು ಸುಲಭ. ನಿಮ್ಮ ಬಾಯಿಗೂ ಅದೇ ಮಾತು ಬಂದಿರಬಹುದು. ಸ್ವಲ್ಪ ತಾಳಿ.

ಕರ್ನಾರ್ವನ್ ಎಂಬ ಊರನ್ನೇ ತೆಗೆದುಕೊಳ್ಳಿ. ವೇಲ್ಸಿನ ವಾಯವ್ಯ ಮೂಲೆಯ ಈ ಊರಿನಲ್ಲಿ ಅಂಗಡಿ, ಬೀದಿ, ಶಾಲೆ, ಜಗಳ, ಎಲ್ಲವೂ ವೆಲ್ಷ್ ನುಡಿಯಲ್ಲೇ. ಆ ನುಡಿಯನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡ ಪಟ್ಟಣ ಇಡೀ ನಾಡಿನಲ್ಲಿ ಇನ್ನೊಂದಿಲ್ಲ. ಆ ಊರಿನ ತಂಡವೇ ನಾಡಿನ ಲೀಗ್ ಬೇಡ ಎಂದಿತು! ಮೊದಲ ವರ್ಷ ಗೆದ್ದ ಕುಂಬ್ರಾನ್ ಯಾವ ಊರು? ಆಗ್ನೇಯ ವೇಲ್ಸಿನದು. 1949ರಲ್ಲಿ ಸರ್ಕಾರ ಯೋಜನೆ ಹಾಕಿ ಬೆಳೆಸಲು ಹೊರಟ ಹೊಸ ಪಟ್ಟಣ. ಅಲ್ಲಿ ವೆಲ್ಷ್ ಮಾತಾಡುವವರು ಬೆರಳೆಣಿಕೆಯ ಮಂದಿ. ಮನೆಮಾತು, ಬೀದಿಮಾತು ಎಲ್ಲ ಇಂಗ್ಲಿಷು. ನುಡಿಯ ಭದ್ರಕೋಟೆ ಹೊರಗೆ ನಿಂತಿತು, ನುಡಿ ಮರೆತ ಊರು ಒಳಗೆ ಬಂದು ಕಪ್ ಎತ್ತಿತು. ಈಗ ಹೇಳಿ, ಯಾರು ಅಭಿಮಾನಿ, ಯಾರು ದ್ರೋಹಿ? ಬರೀ ಬಾಯಿಮಾತಿನ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ ಮಿತ್ರರೇ.

ಬರುವುದಿಲ್ಲ ಎಂದವರಿಗೆ ಅವರದೇ ಕಾರಣಗಳಿದ್ದವು. ಇಂಗ್ಲೆಂಡಿನ ಲೀಗಿನಲ್ಲಿ ಮೆಟ್ಟಿಲು ಹತ್ತುತ್ತಾ ಹೋಗಬಹುದು. ಹೊಸ ಲೀಗಿನಲ್ಲಿ ಮೆಟ್ಟಿಲೇ ಇಲ್ಲ, ಅದೇ ಸೂರು ಅದೇ ನೆಲ. ನೋಡಲು ಜನ ಬರುತ್ತಾರೋ ಇಲ್ಲವೋ? ನ್ಯೂಪೋರ್ಟಿನ ಪಾಡು ಇನ್ನೂ ಕಷ್ಟ. ಅವರ ಹಳೆಯ ಕ್ಲಬ್ 1989ರಲ್ಲಿ ದಿವಾಳಿಯೆದ್ದಿತ್ತು. ಅಭಿಮಾನಿಗಳು ಕೂಡಿ ಹೊಸ ಕ್ಲಬ್ ಕಟ್ಟಿಕೊಂಡು, ಕಳೆದುಕೊಂಡ ಜಾಗಕ್ಕೆ ಮತ್ತೆ ಹತ್ತಬೇಕೆಂದು ಪಣ ತೊಟ್ಟಿದ್ದರು. ಅಂಥವರಿಗೆ ಆ ಏಣಿ ಬಿಟ್ಟು ಬಾ ಎಂದರೆ ಹೇಗಾಗಬೇಡ?

ಅವರ ಮುಂದೆ ಕುಳಿತು ಮಾತಾಡಬೇಕಿತ್ತು. ಆಸೆ ಹುಟ್ಟಿಸಬೇಕಿತ್ತು. ಸಂಸ್ಥೆ ಮಾಡಿದ್ದೇನು?

ಬೀಗ ಜಡಿದವರು

ಬೀಗ ಜಡಿಯಿತು! ನಮ್ಮ ಲೀಗಿಗೆ ಬಾರದವರು ವೇಲ್ಸಿನ ನೆಲದ ಮೇಲೆ ತಮ್ಮ ಲೀಗ್ ಪಂದ್ಯ ಆಡಕೂಡದು ಎಂದು ಕಟ್ಟಪ್ಪಣೆ ಮಾಡಿತು. ತಮ್ಮೂರಿನ ಮೈದಾನ, ತಾವೇ ಹುಲ್ಲು ಕತ್ತರಿಸಿ ಗೆರೆ ಎಳೆದ ಮೈದಾನ, ಅಲ್ಲೇ ಆಡಕೂಡದು.

ಬೆದರಿಕೆಗೆ ಕೆಲವರು ಮಣಿದರು. ಬ್ಯಾಂಗರ್ ಮತ್ತು ನ್ಯೂಟೌನ್ ಮನಸ್ಸು ಬದಲಿಸಿ ಮೊದಲ ವರ್ಷವೇ ಒಳಗೆ ಬಂದವು. ರಿಲ್ ಕೂಡ ಬಂದಿತು, ಆದರೆ ತಡವಾಗಿ. ಬಾಗಿಲು ಮುಚ್ಚಿತ್ತು. ಕೆಳಗಿನ ಹಂತದಲ್ಲಿ ಆಡಿಕೊಂಡಿರು ಎಂದರು. ಇಂಗ್ಲೆಂಡಿನ ಮೇಲ್ದರ್ಜೆಯ ಲೀಗಿನಲ್ಲಿದ್ದ ಮರ್ಥರ್ ಹೇಗೋ ಪಾರಾಗಿ ಅಲ್ಲೇ ಉಳಿಯಿತು. ಮಿಕ್ಕ ನಾಲ್ವರು ದೇಶಾಂತರ ಹೊರಟರು. ನ್ಯೂಪೋರ್ಟ್ ತಂಡ ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ 'ತವರಿನ ಪಂದ್ಯ' ಆಡಿತು. ಕರ್ನಾರ್ವನ್ ತಂಡ ಮ್ಯಾಂಚೆಸ್ಟರ್ ಪಕ್ಕದ ಆಷ್ಟನ್ನಿನಲ್ಲಿ. ಕಾಲ್ವಿನ್ ಬೇ ನಾರ್ತ್‌ವಿಚ್‌ನಲ್ಲಿ. ಬ್ಯಾರಿ ವೂಸ್ಟರಿನಲ್ಲಿ. ಈ ಬ್ಯಾರಿ ಕ್ಲಬ್ ದೇಶಾಂತರ ಹೋದ ಆ ವರ್ಷವೇ ತನ್ನ ಹೆಸರನ್ನು ವೆಲ್ಷ್ ರೀತಿಯಲ್ಲಿ 'ಬಾರಿ' ಎಂದು ಬರೆದುಕೊಂಡಿತು! ಮನೆಯಲ್ಲಿದ್ದಾಗ ಇಂಗ್ಲಿಷ್ ಹೆಸರು, ಮನೆ ಬಿಟ್ಟ ಮೇಲೆ ತಾಯಿನುಡಿಯ ಹೆಸರು. ಹೊರಗೆ ಹೋದವನಿಗೇ ಊರಿನ ನೆನಪು ಹೆಚ್ಚು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಮಳೆಯಲ್ಲಿ ಮೂವತ್ತೆಂಟು ಆಟ

ಇತ್ತ ಹೊಸ ಲೀಗಿನ ಕಡೆ ತಿರುಗಿ. 20 ತಂಡಗಳು, ಒಂದೊಂದಕ್ಕೂ 38 ಪಂದ್ಯ. ಆಟಗಾರರಲ್ಲಿ ಬಹುಪಾಲು ಮಂದಿ ಹೊಟ್ಟೆಪಾಡಿಗೆ ಬೇರೆ ಕೆಲಸ ನೋಡಿಕೊಂಡವರು. ವಾರವೆಲ್ಲ ದುಡಿದು ಶನಿವಾರ ಬಸ್ಸು ಹತ್ತಿ, ಬೆಟ್ಟ ಬಳಸುವ ಅಂಕುಡೊಂಕಿನ ರಸ್ತೆಯಲ್ಲಿ ಗಂಟೆಗಟ್ಟಲೆ ಹೋಗಿ ಆಡಬೇಕು. ವೇಲ್ಸಿನ ಮಳೆ ಲೋಕಪ್ರಸಿದ್ಧ. ನೋಡಲು ಬರುವವರು ಹಲವು ಕಡೆ ಕೆಲವು ನೂರು ಮಂದಿ.

ಆ ತಂಡಗಳ ಪಟ್ಟಿ ಓದುವುದೇ ಒಂದು ಪಾಠ. ಲಾನೆಲಿ, ಲಾನಿಡ್ಲೋಸ್, ಅಬರಿಸ್ಟ್‌ವಿತ್, ಪೋರ್ತ್‌ಮಾಡಾಗ್, ಕೈಯರ್‌ಸೂಸ್, ಕುಂಬ್ರಾನ್. 'ಲಾನ್' ಎಂದರೆ ಗುಡಿಯ ಆವರಣ. 'ಅಬರ್' ಎಂದರೆ ನದಿ ಸೇರುವ ಅಳಿವೆ. 'ಪೋರ್ತ್' ಎಂದರೆ ಬಂದರು. 'ಕೈಯರ್' ಎಂದರೆ ಕೋಟೆ. 'ಕುಮ್' ಎಂದರೆ ಕಣಿವೆ, 'ಬ್ರಾನ್' ಎಂದರೆ ಕಾಗೆ. ನುಡಿ ಮರೆತ ಊರಿನ ಹೆಸರಿನಲ್ಲೂ ನುಡಿ ಕೂತಿದೆ! ಅಬರ್‌ಗವೆನಿ ಥರ್ಸ್‌ಡೇಸ್ ಎಂಬ ಒಂದು ತಂಡವಿತ್ತು. ಗುರುವಾರ ಮಧ್ಯಾಹ್ನ ಆ ಊರಿನ ಅಂಗಡಿಗಳಿಗೆ ಅರ್ಧ ದಿನ ರಜೆ, ಆಗ ಆಡುತ್ತಿದ್ದವರ ತಂಡ. ಅದಕ್ಕೇ 'ಗುರುವಾರದವರು' ಎಂಬ ಹೆಸರು. ಕೈಯರ್‌ಸೂಸ್ ಒಂದು ಹಳ್ಳಿ. ಇಂಥ ಊರುಗಳ ಹೆಸರು ರೇಡಿಯೋದಲ್ಲಿ, ಪತ್ರಿಕೆಯಲ್ಲಿ ನಾಡಿನ ಅಗ್ರ ಲೀಗಿನ ಫಲಿತಾಂಶವಾಗಿ ಬರತೊಡಗಿತು. ಉತ್ತರದ ಮೀನುಗಾರರ ಊರೂ ದಕ್ಷಿಣದ ಉಕ್ಕು ಕಾರ್ಖಾನೆಯ ಊರೂ ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ನಿಂತವು. ರೈಲು ಹಳಿ ಕೂಡಿಸಲಾರದ್ದನ್ನು ಅಂಕಪಟ್ಟಿ ಕೂಡಿಸಿತು.

ಗೇಲಿ ಮಾಡಿದವರಿಗೆ ಬರವಿರಲಿಲ್ಲ. ಇದೊಂದು ಲೀಗೇ? ನೋಡುವವರು ಯಾರು? ಹಿತ್ತಲ ಗಿಡ ಮದ್ದಲ್ಲ ಎಂಬ ಕಾಯಿಲೆ ನಮ್ಮಲ್ಲಿ ಮಾತ್ರ ಇದೆ ಎಂದುಕೊಳ್ಳಬೇಡಿ. ಆದರೂ ಆಡುವವರು ಆಡಿದರು. 1993ರ ಬೇಸಿಗೆಯ ಹೊತ್ತಿಗೆ ಕುಂಬ್ರಾನ್ ಟೌನ್ ಮೊದಲ ಸ್ಥಾನ, ಇಂಟರ್ ಕಾರ್ಡಿಫ್ ಎರಡನೆಯದು, ಅಬರಿಸ್ಟ್‌ವಿತ್ ಮೂರನೆಯದು.

ಒಂದು ಗೋಲಿನ ದೂರ

ಗೆದ್ದದ್ದಕ್ಕೆ ಬಹುಮಾನ ಏನು? ಯುರೋಪ್! 1993ರಲ್ಲಿ ಕುಂಬ್ರಾನ್ ಟೌನ್ ಚಾಂಪಿಯನ್ಸ್ ಲೀಗಿನ ಪ್ರಾಥಮಿಕ ಸುತ್ತಿಗೆ ಕಾಲಿಟ್ಟಿತು. ಯುರೋಪಿನ ಚಾಂಪಿಯನ್ನರ ಪಂದ್ಯಾವಳಿಯಲ್ಲಿ ವೇಲ್ಸಿನ ಒಂದು ಕ್ಲಬ್ ಆಡಿದ್ದು ಅದೇ ಮೊದಲು. ಎದುರಾಳಿ ಐರ್ಲೆಂಡಿನ ಕಾರ್ಕ್ ಸಿಟಿ. ತವರಿನಲ್ಲಿ ಕುಂಬ್ರಾನ್ 3-2ರಿಂದ ಗೆದ್ದಿತು. ಕಾರ್ಕಿನಲ್ಲಿ 1-2ರಿಂದ ಸೋತಿತು. ಎರಡೂ ಕೂಡಿಸಿದರೆ 4-4. ಆಗಿನ ನಿಯಮದ ಪ್ರಕಾರ ಎದುರಾಳಿಯ ಅಂಗಳದಲ್ಲಿ ಹೆಚ್ಚು ಗೋಲು ಹೊಡೆದವರು ಮುಂದಕ್ಕೆ. ಕಾರ್ಕ್ ಎರಡು, ಕುಂಬ್ರಾನ್ ಒಂದು. ಕುಂಬ್ರಾನ್ ಹೊರಗೆ.

ಕಾರ್ಕ್ ಮುಂದೆ ಆಡಿದ್ದು ಯಾರ ಮೇಲೆ? ತುರ್ಕಿಯ ಗಲತಸರಾಯ್ ಮೇಲೆ. ಆ ಗಲತಸರಾಯ್ ಕಾರ್ಕನ್ನು ಸೋಲಿಸಿ, ಅದರ ಮುಂದಿನ ಸುತ್ತಿನಲ್ಲಿ ಯಾರನ್ನು ಮನೆಗೆ ಕಳಿಸಿತು ಗೊತ್ತೇ? ನಿಮ್ಮ ಮ್ಯಾಂಚೆಸ್ಟರ್ ಯುನೈಟೆಡ್ಡನ್ನು! ಕಾಗೆಯ ಕಣಿವೆಯ ಹುಡುಗರು ಅಂಥ ತಂಡದ ಎದುರು ನಿಲ್ಲುವುದಕ್ಕೆ ಒಂದೇ ಒಂದು ಗೋಲಿನ ದೂರದಲ್ಲಿದ್ದರು. ಸ್ವಂತ ಲೀಗ್ ಇಲ್ಲದಿದ್ದರೆ? ಆ ಒಂದು ಗೋಲಿನ ಕೊರಗು ಕೂಡ ಅವರಿಗೆ ದಕ್ಕುತ್ತಿರಲಿಲ್ಲ. ಸೋಲುವುದಕ್ಕೂ ಒಂದು ಅಂಗಳ ಬೇಕು ಮಿತ್ರರೇ!

ಅದೇ 1993ರ ಅಕ್ಟೋಬರಿನಲ್ಲಿ ವೆಲ್ಷ್ ಭಾಷಾ ಕಾಯಿದೆ ಬಂದು, ಸರ್ಕಾರಿ ಸೇವೆಗಳಲ್ಲಿ ವೆಲ್ಷ್ ಮತ್ತು ಇಂಗ್ಲಿಷ್ ನುಡಿಗಳನ್ನು ಸಮನಾಗಿ ಕಾಣಬೇಕು ಎಂಬ ತತ್ವ ಕಾನೂನಾಯಿತು. ಫುಟ್‌ಬಾಲಿನಿಂದ ಕಾಯಿದೆ ಬಂತು ಎಂದು ನಾನು ಹೇಳುತ್ತಿಲ್ಲ. ಒಂದೇ ಕಾಲದ ಗಾಳಿ ಎರಡೂ ಕಡೆ ಬೀಸುತ್ತಿತ್ತು, ಅಷ್ಟೇ.

ಕೋರ್ಟಿನಲ್ಲಿ ಬಿದ್ದ ಪೆಟ್ಟು

ಇನ್ನು ಬೀಗದ ಗತಿ. ದೇಶಾಂತರ ಹೋದ ನ್ಯೂಪೋರ್ಟ್, ಕರ್ನಾರ್ವನ್, ಕಾಲ್ವಿನ್ ಬೇ ಕೋರ್ಟಿನ ಮೆಟ್ಟಿಲು ಹತ್ತಿದವು. ಮೊದಲು ಮಧ್ಯಂತರ ತಡೆ ಸಿಕ್ಕಿತು, 1994ರಲ್ಲಿ ನ್ಯೂಪೋರ್ಟ್ ತನ್ನೂರಿಗೆ ಮರಳಿತು. 1995ರಲ್ಲಿ ಹೈಕೋರ್ಟ್ ಅಂತಿಮ ತೀರ್ಪು ಕೊಟ್ಟಿತು: ಸ್ವಂತ ಊರಿನಲ್ಲಿ ಆಡಬೇಡಿ ಎಂಬ ನಿಷೇಧ ಕ್ಲಬ್ಬುಗಳ ವ್ಯವಹಾರಕ್ಕೆ ಹಾಕಿದ ಅನ್ಯಾಯದ ಅಡ್ಡಗೋಡೆ, ಅದು ನಿಲ್ಲುವುದಿಲ್ಲ. ಸಂಸ್ಥೆಗೆ ಮುಖಭಂಗವಾಯಿತು. ನಾಡಿನ ಹೆಸರಿನಲ್ಲಿ ನಾಡಿನವರನ್ನೇ ಗಡಿಪಾರು ಮಾಡಿದ್ದಕ್ಕೆ ಬಿದ್ದ ಪೆಟ್ಟು ಅದು.

ಆದರೆ ಕಥೆಯ ತಿರುವು ಇಲ್ಲಿದೆ. ಬೀಗ ಒಡೆದ ಮೇಲೆ ಲೀಗ್ ಮುರಿದು ಬೀಳಬೇಕಿತ್ತಲ್ಲವೇ? ಬೀಳಲಿಲ್ಲ. ಕೇಸು ಗೆದ್ದ ಕರ್ನಾರ್ವನ್ 1995ರಲ್ಲಿ ತಾನಾಗಿಯೇ ನಡೆದುಬಂದು ಅದೇ ಲೀಗಿಗೆ ಸೇರಿತು! ಬಲವಂತವಿಲ್ಲ, ಬೆದರಿಕೆಯಿಲ್ಲ.

ಬ್ಯಾರಿ ಅದಕ್ಕೂ ಮೊದಲೇ, 1993ರಲ್ಲಿ, ಮರಳಿತ್ತು. ಬಂದವರಿಗೆ ನೇರ ಪ್ರವೇಶ ಕೊಡಲಿಲ್ಲ, ಕೆಳಗಿನ ಹಂತದಿಂದ ಬಾ ಎಂದರು. ಬ್ಯಾರಿ ಅಲ್ಲಿಂದಲೇ ಎದ್ದು, 1994ರ ವೆಲ್ಷ್ ಕಪ್ ಫೈನಲ್ಲಿನಲ್ಲಿ ದೈತ್ಯ ಕಾರ್ಡಿಫ್ ಸಿಟಿಯನ್ನೇ 2-1ರಿಂದ ಕೆಡವಿತು. ಆಮೇಲೆ ಲೀಗನ್ನು 1996ರಿಂದ ಸತತ ನಾಲ್ಕು ವರ್ಷ ಗೆದ್ದಿತು. 1996ರಲ್ಲಿ ಯುರೋಪಿನ ಕಣದಲ್ಲಿ ಬುಡಾಪೆಸ್ಟಿನ ತಂಡವೊಂದನ್ನು ಹೊರದೂಡಿ, ಸ್ಕಾಟ್‌ಲೆಂಡಿನ ಅಬರ್ದೀನ್ ಜೊತೆ ತನ್ನೂರಿನಲ್ಲಿ 3-3 ಆಡಿತು. 2001ರಲ್ಲಿ ಪೋರ್ಚುಗಲ್ಲಿನ ಪೋರ್ಟೊ ತಂಡವನ್ನು 3-1ರಿಂದ ಸೋಲಿಸಿತು. ಹೌದು, ಪೋರ್ಟೊದಲ್ಲಿ 8 ಗೋಲು ತಿಂದು ಬಂದಿದ್ದರು, ಅದನ್ನೂ ಹೇಳಬೇಕು. ರಿಲ್ ತಂಡ 1994ರಲ್ಲಿ ಲೀಗಿಗೆ ಏರಿ 2004ರಲ್ಲಿ ಚಾಂಪಿಯನ್ ಆಯಿತು. ಕಾಲ್ವಿನ್ ಬೇ ಬಹಳ ಕಾಲ ಹೊರಗೇ ಇದ್ದು, 2019ರಲ್ಲಿ ವೇಲ್ಸಿನ ವ್ಯವಸ್ಥೆಗೆ ಮರಳಿತು. 27 ವರ್ಷದ ಮುನಿಸು ಕರಗಿತು. 2023ರಲ್ಲಿ ಅಗ್ರ ಲೀಗಿಗೆ ಏರಿತು.

ಕರ್ನಾರ್ವನ್ 2024ರಲ್ಲಿ ಮೊದಲ ಬಾರಿಗೆ ಯುರೋಪಿಗೆ ಹೋಯಿತು. ಉತ್ತರ ಐರ್ಲೆಂಡಿನ ಕ್ರುಸೇಡರ್ಸ್ ತಂಡವನ್ನು ಪೆನಾಲ್ಟಿಯಲ್ಲಿ ಮಣಿಸಿತು. ಮುಂದೆ ಪೋಲೆಂಡಿನ ಲೇಗಿಯಾ ವಾರ್ಸಾ ಎದುರು ಎರಡು ಪಂದ್ಯದಲ್ಲಿ 11 ಗೋಲು ತಿಂದಿತು. ತಿನ್ನಲಿ! 1992ರಲ್ಲಿ ಈ ಲೀಗ್ ಬೇಡ ಎಂದ ಊರೇ ಈ ಲೀಗಿನ ಹೆಸರಿನಲ್ಲಿ ಯುರೋಪಿನ ಮೈದಾನ ತುಳಿಯಿತು.

ಎಲ್ಲ ಸುಖಾಂತವಲ್ಲ

ಬರೀ ಜಯಕಾರ ಹಾಕಿ ನಿಮ್ಮನ್ನು ಮೋಸ ಮಾಡಲಾರೆ. ಕಾರ್ಡಿಫ್, ಸ್ವಾನ್ಸಿ, ರೆಕ್ಸಮ್, ನ್ಯೂಪೋರ್ಟ್, ಮರ್ಥರ್ ಇಂದಿಗೂ ಇಂಗ್ಲೆಂಡಿನ ಲೀಗುಗಳಲ್ಲೇ ಇವೆ. ಸ್ವಾನ್ಸಿ, ಕಾರ್ಡಿಫ್ ಪ್ರೀಮಿಯರ್ ಲೀಗಿನ ತನಕ ಹೋಗಿ ಬಂದವು. ಏಣಿ ಬಿಡಲೊಲ್ಲೆ ಎಂದಿದ್ದ ನ್ಯೂಪೋರ್ಟ್ 2013ರಲ್ಲಿ ತಾನು ಕಳೆದುಕೊಂಡ ಜಾಗಕ್ಕೆ ಮತ್ತೆ ಹತ್ತಿತು. ಆ ಹಟವೂ ಗೆದ್ದಿತು. ಅವರಿಗೂ ಕೈಮುಗಿಯೋಣ.

ವೇಲ್ಸಿನ ಲೀಗನ್ನು ಅತಿ ಹೆಚ್ಚು ಸಲ ಗೆದ್ದ ಕ್ಲಬ್ ಟಿಎನ್‌ಎಸ್. ಮೂಲದಲ್ಲಿ ಒಂದು ವೆಲ್ಷ್ ಹಳ್ಳಿಯ ತಂಡ. 2003ರಲ್ಲಿ ಗಡಿಯಾಚೆಯ ಆಸ್‌ವೆಸ್ಟ್ರಿ ಊರಿನ ತಂಡದೊಂದಿಗೆ ಸೇರಿಕೊಂಡಿತು. 2007ರಿಂದ ಅದರ ತವರು ಮೈದಾನ ಇರುವುದು ಇಂಗ್ಲೆಂಡಿನೊಳಗೆ! ಸ್ವಾಭಿಮಾನಕ್ಕೆ ಕಟ್ಟಿದ ಲೀಗಿನ ಮಹಾರಾಜ ಪಕ್ಕದ ಮನೆಯಲ್ಲಿ ವಾಸ. ನಗಬೇಕೋ ಅಳಬೇಕೋ? ಆದರೆ ಅದೇ ತಂಡ 2016ರಲ್ಲಿ ಸತತ 27 ಪಂದ್ಯ ಗೆದ್ದು, 1972ರಲ್ಲಿ ಆಯಾಕ್ಸ್ ಮಾಡಿದ್ದ 26ರ ವಿಶ್ವದಾಖಲೆ ಮುರಿಯಿತು. 2024ರಲ್ಲಿ ಯುರೋಪಿನ ಕಾನ್ಫರೆನ್ಸ್ ಲೀಗಿನ ಮುಖ್ಯ ಹಂತಕ್ಕೆ ಹೋದ ಮೊದಲ ವೆಲ್ಷ್ ಲೀಗ್ ಕ್ಲಬ್ ಅನಿಸಿಕೊಂಡು, ಕಝಾಕಸ್ತಾನದ ಅಸ್ತಾನಾ ತಂಡವನ್ನು 2-0ರಿಂದ ಸೋಲಿಸಿತು.

ಸಣ್ಣ ಮನೆಗೆ ಬಡತನವೂ ಹತ್ತಿರ. ಮೊದಲ ಚಾಂಪಿಯನ್ ಕುಂಬ್ರಾನ್ 2007ರಲ್ಲಿ ಅಗ್ರ ಲೀಗಿನಿಂದ ಕೆಳಗೆ ಬಿತ್ತು. ರಿಲ್ ಕ್ಲಬ್ 2020ರಲ್ಲಿ ಬಾಗಿಲು ಮುಚ್ಚಿತು. ನುಡಿಯ ಲೆಕ್ಕವೂ ಹಾಗೆಯೇ: 2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲವರು ನೂರಕ್ಕೆ 17.8. ಹೋರಾಟ ಮುಗಿದಿಲ್ಲ.

ಆದರೆ ಹೆಸರಿನ ಲೆಕ್ಕ ನೋಡಿ. 1992ರಲ್ಲಿ 'ಲೀಗ್ ಆಫ್ ವೇಲ್ಸ್' ಎಂದು ಶುರುವಾದದ್ದು 2002ರಲ್ಲಿ 'ವೆಲ್ಷ್ ಪ್ರೀಮಿಯರ್' ಆಯಿತು. 2019ರಲ್ಲಿ 'ಕಮ್ರಿ ಪ್ರೀಮಿಯರ್' ಆಯಿತು. ಪರಕೀಯರು ಎಂದು ನೆರೆಯವರು ಇಟ್ಟ ಹೆಸರು ಹೋಗಿ, ನಾವೆಲ್ಲ ಒಂದೇ ನಾಡಿನವರು ಎಂದು ತಾವೇ ಹೇಳಿಕೊಂಡ ಹೆಸರು ಬಂತು. 64 ವರ್ಷದ ನಂತರ 2022ರ ವಿಶ್ವಕಪ್‌ಗೆ ಹೋದಾಗ ಸಂಸ್ಥೆ ತನ್ನ ತಂಡವನ್ನು ಕಮ್ರಿ ಎಂದೇ ಕರೆದುಕೊಂಡಿತು. ಒಂದು ಕಾಲಕ್ಕೆ ಸ್ಪೇನ್, ಇಟಲಿಯ ಆಟ ತೋರಿಸುತ್ತಿದ್ದ 'ಸ್ಗೋರಿಯೊ' ಇಂದು ಈ ನಾಡಿನ ಲೀಗಿನ ಪಂದ್ಯಗಳನ್ನೇ ವೆಲ್ಷ್ ನುಡಿಯಲ್ಲಿ ಮನೆಮನೆಗೆ ತಲುಪಿಸುತ್ತದೆ.

ನಿಮಗೊಂದು ಮಾತು

ಮಿತ್ರರೇ, ಆ ಒಂದು ವರ್ಷದಲ್ಲಿ ವೇಲ್ಸಿನ ಹಿರಿಯರು ಒಂದು ಸರಿಯಾದ ಕೆಲಸ ಮಾಡಿದರು, ಒಂದು ತಪ್ಪು ಕೆಲಸ ಮಾಡಿದರು. ಮನೆ ಕಟ್ಟಿದ್ದು ಸರಿ. ಬೀಗ ಜಡಿದದ್ದು ತಪ್ಪು. ಬೀಗ ಮೂರೇ ವರ್ಷದಲ್ಲಿ ಕೋರ್ಟಿನಲ್ಲಿ ಮುರಿಯಿತು. ಮನೆ 30 ವರ್ಷ ದಾಟಿಯೂ ನಿಂತಿದೆ. ಬಿಟ್ಟುಹೋದವರಲ್ಲಿ ಹಲವರು ಮರಳಿದ್ದಾರೆ. ಅವರನ್ನು ಕರೆತಂದದ್ದು ಯಾವುದು? ನಿಷೇಧದ ಕಾಗದವಂತೂ ಅಲ್ಲ. ಕುಂಬ್ರಾನ್ ಹುಡುಗರು ಕಾರ್ಕಿನಲ್ಲಿ ಆಡಿದ ಆ ಸಂಜೆ, ಬ್ಯಾರಿಯವರು ಎತ್ತಿದ ಆ ಕಪ್, ಶನಿವಾರಕ್ಕೊಮ್ಮೆ ತಪ್ಪದೆ ನಡೆದ ಆಟ. ಬಂದರೆ ಏನಾದರೂ ಸಿಗುತ್ತದೆ ಎಂಬ ನಂಬಿಕೆ ಹುಟ್ಟಿದ ಮೇಲೆ ಕಾಲು ತಾವಾಗಿಯೇ ಆ ಕಡೆ ತಿರುಗಿದವು.

ನಾಡಿನ ಹೆಸರಿನಲ್ಲಿ ಏನಾದರೂ ಕಟ್ಟಲು ಹೊರಟಾಗ ಇದನ್ನು ನೆನಪಿಡಿ. ಬಾರದವನನ್ನು ಬೈಯುವುದಕ್ಕೆ ಅರ್ಧ ಗಂಟೆ ಸಾಕು. ಬರುವಂಥದ್ದನ್ನು ಕಟ್ಟುವುದಕ್ಕೆ ಮಳೆಯಲ್ಲಿ 38 ಆಟ ಆಡಬೇಕು. ಕೆಲವೇ ನೂರು ಜನ ನೋಡುತ್ತಿದ್ದರೂ ಆಡಬೇಕು. ನುಡಿ ಮರೆತವನು ನಿಮ್ಮ ತಂಡಕ್ಕೆ ಬಂದರೆ ಅಂಗಿ ಕೊಡಿ, ಕುಂಬ್ರಾನಿನವರ ಹಾಗೆ ಅವನೇ ಕಪ್ ತಂದಾನು. ನುಡಿ ಬಲ್ಲವನು ಹೊರಗೆ ನಿಂತರೆ ಕಾರಣ ಕೇಳಿ, ಕರ್ನಾರ್ವನ್ನಿನವರ ಹಾಗೆ ನಾಳೆ ಬಂದಾನು.

ಮುಂದಿನ ಶನಿವಾರ ಟಿವಿಯಲ್ಲಿ ಮ್ಯಾಂಚೆಸ್ಟರ್ ನೋಡಿ, ಬೇಡ ಎನ್ನುವುದಿಲ್ಲ. ಆಟ ಮುಗಿದ ಮೇಲೆ ಪತ್ರಿಕೆಯ ಮೂಲೆಯಲ್ಲೋ ಫೋನಿನಲ್ಲೋ ಕಮ್ರಿ ಪ್ರೀಮಿಯರ್ ಫಲಿತಾಂಶವನ್ನೂ ಒಮ್ಮೆ ಹುಡುಕಿ. ಆ ನಾಲಗೆ ಹೊರಳದ ಊರುಗಳ ಹೆಸರು ಗಟ್ಟಿಯಾಗಿ ಓದಿ. ಒಂದೊಂದು ಹೆಸರಿನ ಹಿಂದೆಯೂ ತನ್ನದೆನ್ನುವ ಅಂಗಳದಲ್ಲಿ ನಿಂತು ಆಡುವ, ಸೋತರೂ ಮುಂದಿನ ವಾರ ಮತ್ತೆ ಆಡುವ ಒಂದು ಊರಿದೆ.